ಡಿಕ್ರಿ ಕೈಗೆ ಬಂದ ಮೇಲೆ: ಸಾಲ ವಸೂಲಿಗೆ ಸಿವಿಲ್ ನ್ಯಾಯಾಲಯದಲ್ಲಿರುವ ದಾರಿಗಳು

ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಸಾಲ ವಸೂಲಿಗಾಗಿ ದಾವೆ ಹೂಡಿದವರಿಗೆ ಅದರ ಮೊದಲರ್ಧದ ಅರ್ಥ ತಿಳಿಯುವುದು ತೀರ್ಪು ಬಂದ ನಂತರ. ಭಾರತದಲ್ಲಿ ಕಕ್ಷಿದಾರನ ಕಷ್ಟಗಳು ಆರಂಭವಾಗುವುದೇ ಡಿಕ್ರಿ ಪಡೆದ ಮೇಲೆ ಎಂಬ ಅಭಿಪ್ರಾಯವನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ವ್ಯಕ್ತಪಡಿಸಿತ್ತು. ಒಂದೂವರೆ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ.

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ವ್ಯವಹಾರ ಬಹುಮಟ್ಟಿಗೆ ಸಾಲದ ಮೇಲೆಯೇ ನಡೆಯುತ್ತದೆ. ಹತ್ತಿ, ತೊಗರಿ, ಶೇಂಗಾ ಬೆಳೆಯುವ ಒಣಭೂಮಿಯಲ್ಲೂ, ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಶಹಾಪುರ, ಸುರಪುರದ ಹೊಲಗಳಲ್ಲೂ ಬೀಜ, ಗೊಬ್ಬರ, ಔಷಧಿಗಳು ಸುಗ್ಗಿಯ ಲೆಕ್ಕದಲ್ಲಿ ಉದ್ರಿಯಾಗಿ ಬರುತ್ತವೆ. ಮಳೆ ಕೈಕೊಟ್ಟಾಗ, ದರ ಕುಸಿದಾಗ ಉದ್ರಿ ಬಾಕಿಯಾಗುತ್ತದೆ, ಬಾಕಿ ದಾವೆಯಾಗುತ್ತದೆ. ಅಡತಿ ಅಂಗಡಿಯವರು, ಕೈಗಡ ಕೊಟ್ಟ ನೆಂಟರು, ಕೂಲಿ ಬಾಕಿ ಉಳಿದವರು, ಅಪಘಾತದ ಪರಿಹಾರಕ್ಕೆ ಕಾದಿರುವ ಕುಟುಂಬದವರು, ಹೀಗೆ ಅನೇಕರ ಕೈಯಲ್ಲಿ ನ್ಯಾಯಾಲಯದ ಆದೇಶವಿರುತ್ತದೆ, ಹಣವಿರುವುದಿಲ್ಲ. ಇನ್ನೊಂದು ಕಡೆ, ಜಪ್ತಿ ವಾರಂಟು ಮನೆಬಾಗಿಲಿಗೆ ಬಂದಾಗ ಏನನ್ನು ಕಳೆದುಕೊಳ್ಳಬೇಕು, ಏನನ್ನು ಉಳಿಸಿಕೊಳ್ಳಬಹುದು ಎಂಬುದು ಸಾಲಗಾರನಿಗೂ ತಿಳಿದಿರುವುದಿಲ್ಲ. ಇಬ್ಬರಿಗೂ ಕಾನೂನು ಏನು ಹೇಳುತ್ತದೆ ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಡಿಕ್ರಿ ಮತ್ತು ಅಮಲ್ಜಾರಿ

ದಾವೆಯ ಕೊನೆಯಲ್ಲಿ ನ್ಯಾಯಾಧೀಶರು ನೀಡುವ ತೀರ್ಪಿನ ಸಾರವನ್ನು, ಅಂದರೆ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು, ದಾಖಲಿಸುವ ಪತ್ರವೇ ಡಿಕ್ರಿ. ಅದನ್ನು ಪಡೆದವನು ಡಿಕ್ರಿದಾರ. ಅದರಂತೆ ಹಣ ಕೊಡಬೇಕಾದವನು ಋಣಿ. ಡಿಕ್ರಿಯನ್ನು ಕಾರ್ಯಗತಗೊಳಿಸುವ ಕ್ರಮಕ್ಕೆ ಅಮಲ್ಜಾರಿ ಎನ್ನುತ್ತಾರೆ. ನ್ಯಾಯಾಲಯವು ತಾನಾಗಿ ಈ ಕೆಲಸಕ್ಕೆ ಕೈಹಾಕುವುದಿಲ್ಲ. ಡಿಕ್ರಿದಾರನು ಪ್ರತ್ಯೇಕವಾಗಿ ಅಮಲ್ಜಾರಿ ಅರ್ಜಿ ಸಲ್ಲಿಸಬೇಕು, ಯಾವ ಮಾರ್ಗದಿಂದ ವಸೂಲಿ ಆಗಬೇಕು ಎಂಬುದನ್ನು ತಾನೇ ಸೂಚಿಸಬೇಕು.

ಈ ಎಲ್ಲ ಕ್ರಮಗಳಿಗೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಅದರ 36ರಿಂದ 74ರವರೆಗಿನ ಕಲಂಗಳು ಮತ್ತು 21ನೇ ಆದೇಶ ಅಮಲ್ಜಾರಿಗೆ ಮೀಸಲಾಗಿವೆ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶಕ್ಕೆ ಸಂಹಿತೆಯು 1951ರ ಏಪ್ರಿಲ್ 1ರಿಂದ ಅನ್ವಯವಾಯಿತು. 1956ರಲ್ಲಿ ಕಲಬುರಗಿ ಜಿಲ್ಲೆಯೊಂದಿಗೆ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 2009ರ ಡಿಸೆಂಬರ್ 30ರಂದು ಪ್ರತ್ಯೇಕ ಯಾದಗಿರಿ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು.

ಅಮಲ್ಜಾರಿ ನ್ಯಾಯಾಲಯಕ್ಕೆ ಒಂದು ಮುಖ್ಯ ಮಿತಿಯಿದೆ. ಅದು ಡಿಕ್ರಿಯ ಹಿಂದಕ್ಕೆ ಹೋಗಿ ಸಾಲ ನಿಜವೇ, ಸಹಿ ತನ್ನದೇ ಎಂಬ ವಿವಾದವನ್ನು ಪುನಃ ವಿಚಾರಿಸುವುದಿಲ್ಲ. ಅಂತಹ ತಕರಾರುಗಳನ್ನು ಮೂಲ ದಾವೆಯಲ್ಲಿಯೇ ಎತ್ತಬೇಕು. ಸಮನ್ಸ್ ಬಂದಾಗ ಸುಮ್ಮನಿದ್ದು ಏಕಪಕ್ಷೀಯ ಡಿಕ್ರಿ ಆದ ಮೇಲೆ ಓಡಾಡುವ ಸಾಲಗಾರರು ಅನೇಕ. ಅವರಿಗೆ ಈ ಹಂತದಲ್ಲಿ ಉಳಿದಿರುವ ವಾದಗಳು ಬಹಳ ಕಡಿಮೆ.

ಯಾವ ಊರಿನ ನ್ಯಾಯಾಲಯ?

ಡಿಕ್ರಿ ನೀಡಿದ ನ್ಯಾಯಾಲಯದಲ್ಲಿಯೇ ಅಮಲ್ಜಾರಿ ಅರ್ಜಿ ಸಲ್ಲಿಸುವುದು ಸಾಮಾನ್ಯ ನಿಯಮ. ಆದರೆ ತನ್ನ ಪ್ರಾದೇಶಿಕ ವ್ಯಾಪ್ತಿಯ ಹೊರಗಿರುವ ವ್ಯಕ್ತಿ ಅಥವಾ ಆಸ್ತಿಯ ಮೇಲೆ ಯಾವ ನ್ಯಾಯಾಲಯವೂ ಡಿಕ್ರಿ ಜಾರಿ ಮಾಡುವಂತಿಲ್ಲ. 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೂಲಕ 39ನೇ ಕಲಮಿಗೆ ಸೇರಿದ 4ನೇ ಉಪಕಲಂ ಇದನ್ನು ಸ್ಪಷ್ಟಪಡಿಸಿದೆ. ಸುಪ್ರೀಂ ಕೋರ್ಟ್ 2007ರಲ್ಲಿ ಮೋಹಿತ್ ಭಾರ್ಗವ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದಿದೆ.

ಮೂರು ಪಟ್ಟಣಗಳಲ್ಲೂ ಪ್ರತ್ಯೇಕ ಸಿವಿಲ್ ನ್ಯಾಯಾಲಯಗಳಿರುವುದರಿಂದ ಇದು ಇಲ್ಲಿ ನಿತ್ಯದ ಪ್ರಶ್ನೆ. ಉದಾಹರಣೆಗೆ, ಯಾದಗಿರಿಯ ವ್ಯಾಪಾರಿಯೊಬ್ಬ ಯಾದಗಿರಿಯಲ್ಲಿಯೇ ಡಿಕ್ರಿ ಪಡೆದಿದ್ದಾನೆ, ಋಣಿಯ ಜಮೀನು ಮಾತ್ರ ಸುರಪುರದ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ ಎಂದು ಭಾವಿಸೋಣ. ಆಗ ಯಾದಗಿರಿಯ ನ್ಯಾಯಾಲಯದಿಂದ ಡಿಕ್ರಿಯನ್ನು ಸುರಪುರಕ್ಕೆ ವರ್ಗಾಯಿಸಿಕೊಂಡು ಅಲ್ಲಿ ಅಮಲ್ಜಾರಿ ನಡೆಸಬೇಕು. ಋಣಿಯು ದುಡಿಯಲು ಬೆಂಗಳೂರಿಗೆ ಹೋಗಿದ್ದರೂ, ಗಡಿಯಾಚೆಯ ತೆಲಂಗಾಣದಲ್ಲಿ ಆಸ್ತಿ ಮಾಡಿದ್ದರೂ ದಾರಿ ಇದೇ. ವರ್ಗಾವಣೆ ಪಡೆದ ನ್ಯಾಯಾಲಯಕ್ಕೆ ಡಿಕ್ರಿ ಜಾರಿಯ ಮಟ್ಟಿಗೆ ಮೂಲ ನ್ಯಾಯಾಲಯದಷ್ಟೇ ಅಧಿಕಾರವಿರುತ್ತದೆ. ಹುಣಸಗಿ, ವಡಗೇರಾ, ಗುರುಮಠಕಲ್ ಈಗ ಪ್ರತ್ಯೇಕ ಕಂದಾಯ ತಾಲ್ಲೂಕುಗಳಾಗಿವೆ. ಆದರೆ ಕಂದಾಯ ತಾಲ್ಲೂಕಿನ ಗಡಿ ಮತ್ತು ನ್ಯಾಯಾಲಯದ ವ್ಯಾಪ್ತಿ ಒಂದೇ ಎಂದು ಭಾವಿಸದೆ, ಜಮೀನಿರುವ ಗ್ರಾಮ ಯಾವ ನ್ಯಾಯಾಲಯಕ್ಕೆ ಸೇರುತ್ತದೆ ಎಂಬುದನ್ನು ಅರ್ಜಿಗೆ ಮುನ್ನವೇ ಖಚಿತಪಡಿಸಿಕೊಳ್ಳುವುದು ಲೇಸು.

ಅಮಲ್ಜಾರಿಯಲ್ಲಿ ಹೊರಡುವ ಆದೇಶಗಳನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಬೇಕಾದವರು ಹಿಂದೆ ಬೆಂಗಳೂರಿಗೆ ಪ್ರಯಾಣಿಸಬೇಕಿತ್ತು. 2008ರ ಜುಲೈನಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು.

ಹನ್ನೆರಡು ವರ್ಷದ ಗಡುವು

ಹಣದ ಡಿಕ್ರಿಯ ಅಮಲ್ಜಾರಿಗೆ 1963ರ ಕಾಲಮಿತಿ ಅಧಿನಿಯಮದ 136ನೇ ಅನುಚ್ಛೇದವು 12 ವರ್ಷಗಳ ಅವಧಿ ನೀಡಿದೆ. ಡಿಕ್ರಿ ಜಾರಿಗೆ ಅರ್ಹವಾದ ದಿನದಿಂದ ಈ ಲೆಕ್ಕ ನಡೆಯುತ್ತದೆ. ಕಂತುಗಳಲ್ಲಿ ಪಾವತಿಸಲು ಡಿಕ್ರಿಯೇ ಹೇಳಿದ್ದರೆ, ಕಂತು ತಪ್ಪಿದ ದಿನದಿಂದ ಆ ಕಂತಿನ ಮಟ್ಟಿಗೆ ಅವಧಿ ಆರಂಭವಾಗುತ್ತದೆ. ಈ ಅವಧಿಯೊಳಗೆ ಒಂದಕ್ಕಿಂತ ಹೆಚ್ಚು ಬಾರಿ ಅರ್ಜಿ ಸಲ್ಲಿಸಬಹುದು. ಗೈರುಹಾಜರಿಯಿಂದ ಒಂದು ಅರ್ಜಿ ವಜಾ ಆದರೆ ಗಡುವು ಮುಗಿಯುವವರೆಗೆ ಹೊಸದನ್ನು ಸಲ್ಲಿಸಲು ಅಡ್ಡಿಯಿಲ್ಲ.

ಅವಧಿ ದೀರ್ಘವಾಗಿದೆಯೆಂದು ಕಾದು ಕೂರುವುದು ಜಾಣತನವಲ್ಲ. ಡಿಕ್ರಿಯಾದ ಎರಡು ವರ್ಷದ ನಂತರ ಅರ್ಜಿ ಸಲ್ಲಿಸಿದರೆ ಮೊದಲು ಋಣಿಗೆ ನೋಟಿಸು ನೀಡಬೇಕಾಗುತ್ತದೆ. ಆ ನೋಟಿಸೇ ಆಸ್ತಿ ಪರಭಾರೆ ಮಾಡಲು ಎಚ್ಚರಿಕೆಯ ಗಂಟೆಯಾಗುವುದುಂಟು. ಋಣಿ ಮೃತನಾದರೂ ನೋಟಿಸು ಅವನ ವಾರಸುದಾರರಿಗೆ ಹೋಗುತ್ತದೆ.

ವಾರಸುದಾರರ ಹೊಣೆಯ ಬಗ್ಗೆ ತಪ್ಪು ಕಲ್ಪನೆಗಳು ಹಲವು. ಮೃತನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅವರು ಹೊಣೆ. ತಮ್ಮ ಸ್ವಂತ ಗಳಿಕೆಯಿಂದ ತೀರಿಸಬೇಕಾಗಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಿಂದೂ ಕಾನೂನಿನ ಹಳೆಯ ತತ್ವದ ಆಧಾರದ ಮೇಲೆ, 2005ರ ಸೆಪ್ಟೆಂಬರ್ 9ರಂದು ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅಧಿನಿಯಮ ಜಾರಿಗೆ ಬಂದ ನಂತರ ಮಾಡಿದ ಸಾಲಗಳಿಗೆ ಮಕ್ಕಳ ಮೇಲೆ ವಸೂಲಿ ನಡೆಸುವಂತಿಲ್ಲ.

ಆಸ್ತಿ ಹುಡುಕುವ ಹೊಣೆ ಯಾರದು?

ಅಮಲ್ಜಾರಿಯ ಬಹುಪಾಲು ಸೋಲುಗಳಿಗೆ ಕಾರಣ ಕಾನೂನಿನ ಕೊರತೆಯಲ್ಲ, ಆಸ್ತಿಯ ವಿವರದ ಕೊರತೆ. ಯಾವ ಆಸ್ತಿಯನ್ನು ಜಪ್ತಿ ಮಾಡಬೇಕು ಎಂಬುದನ್ನು ಡಿಕ್ರಿದಾರನೇ ಗುರುತಿಸಿ ಕೊಡಬೇಕು. ಜಮೀನಾದರೆ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ. ಮನೆಯಾದರೆ ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ನಂಬರು. ಬ್ಯಾಂಕ್ ಖಾತೆಯಾದರೆ ಶಾಖೆಯ ಹೆಸರು ಬೇಕು. ಭೂಮಿ ಯೋಜನೆಯ ಪಹಣಿಯಲ್ಲಿ ಖಾತೆದಾರನ ಹೆಸರು ಮತ್ತು 11ನೇ ಕಾಲಮಿನಲ್ಲಿ ಋಣಗಳ ವಿವರ ದೊರೆಯುತ್ತದೆ. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರದಿಂದ ಇತ್ತೀಚಿನ ಮಾರಾಟ, ಅಡಮಾನಗಳು ತಿಳಿಯುತ್ತವೆ.

ಇಷ್ಟಾಗಿಯೂ ಆಸ್ತಿ ಪತ್ತೆಯಾಗದಿದ್ದರೆ 21ನೇ ಆದೇಶದ 41ನೇ ನಿಯಮವು ನೆರವಿಗೆ ಬರುತ್ತದೆ. ಡಿಕ್ರಿದಾರನ ಅರ್ಜಿಯ ಮೇರೆಗೆ ನ್ಯಾಯಾಲಯವು ಋಣಿಯನ್ನು ಕರೆಸಿ ಪ್ರಮಾಣ ಮಾಡಿಸಿ ವಿಚಾರಿಸಬಹುದು, ಆಸ್ತಿಗಳ ಪೂರ್ಣ ವಿವರವುಳ್ಳ ಪ್ರಮಾಣಪತ್ರ ಸಲ್ಲಿಸುವಂತೆ ಆದೇಶಿಸಬಹುದು. ಆದೇಶ ಪಾಲಿಸದವನನ್ನು ಮೂರು ತಿಂಗಳವರೆಗೆ ಸಿವಿಲ್ ಬಂದಿಖಾನೆಯಲ್ಲಿರಿಸಲು ಅವಕಾಶವಿದೆ.

ದಾವೆ ನಡೆಯುತ್ತಿರುವಾಗಲೇ ಪ್ರತಿವಾದಿಯು ಡಿಕ್ರಿಯನ್ನು ವ್ಯರ್ಥಗೊಳಿಸುವ ಉದ್ದೇಶದಿಂದ ಆಸ್ತಿ ಮಾರಲು ಹೊರಟರೆ 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮುಂಚಿನ ಜಪ್ತಿ ಕೋರಬಹುದು. ಆದರೆ ಇದು ಎಲ್ಲ ದಾವೆಗಳಿಗೂ ಸಿಗುವ ಪರಿಹಾರವಲ್ಲ. ಭದ್ರತೆಯಿಲ್ಲದ ಸಾಲವನ್ನು ಭದ್ರತೆಯುಳ್ಳ ಸಾಲವನ್ನಾಗಿ ಮಾಡಿಕೊಳ್ಳಲು ಈ ನಿಯಮವನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2008ರ ರಾಮನ್ ಟೆಕ್ ಪ್ರಕರಣದಲ್ಲಿ ಹೇಳಿದೆ. ಡಿಕ್ರಿಯ ನಂತರ ಜಪ್ತಿಯಾದ ಆಸ್ತಿಯನ್ನು ಋಣಿಯು ಖಾಸಗಿಯಾಗಿ ಮಾರಿದರೆ ಆ ಮಾರಾಟವು 64ನೇ ಕಲಮಿನಂತೆ ಡಿಕ್ರಿದಾರನ ಹಕ್ಕಿಗೆ ಬಾಧಕವಾಗುವುದಿಲ್ಲ. ಜಪ್ತಿಗೆ ಮುಂಚೆಯೇ ಸಾಲಿಗರನ್ನು ವಂಚಿಸಲು ಹೆಂಡತಿ ಮಕ್ಕಳ ಹೆಸರಿಗೆ ಬರೆದುಕೊಟ್ಟ ಪತ್ರಗಳನ್ನು ಆಸ್ತಿ ವರ್ಗಾವಣೆ ಅಧಿನಿಯಮದ 53ನೇ ಕಲಮಿನಡಿ ಪ್ರಶ್ನಿಸಬಹುದು.

ಸಂಬಳ, ಬ್ಯಾಂಕ್ ಖಾತೆ, ಬರಬೇಕಾದ ಬಾಕಿ

ಋಣಿಯು ಸಂಬಳದಾರನಾಗಿದ್ದರೆ ವಸೂಲಿ ತುಲನಾತ್ಮಕವಾಗಿ ಸುಲಭ. ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ನ್ಯಾಯಾಲಯದ ಆದೇಶ ಹೋಗುತ್ತದೆ. 60ನೇ ಕಲಮಿನಂತೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದ ಮೊತ್ತದ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಲೆಕ್ಕಕ್ಕೆ ಹಿಡಿಯುವ ಸಂಬಳ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಂಡರೆ, 1,000 ಕಳೆದು ಉಳಿಯುವ 39,000ದಲ್ಲಿ 26,000 ನೌಕರನಿಗೆ ಉಳಿಯುತ್ತದೆ, 13,000 ಕಡಿತವಾಗುತ್ತದೆ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳ ಜಪ್ತಿ ಪೂರ್ಣಗೊಂಡರೆ ಅದೇ ಡಿಕ್ರಿಗೆ ಆ ಸಂಬಳವನ್ನು ಪುನಃ ಜಪ್ತಿ ಮಾಡುವಂತಿಲ್ಲ. ಹೀಗಾಗಿ ಮೇಲಿನ ಉದಾಹರಣೆಯಲ್ಲಿ ಈ ಮಾರ್ಗದಿಂದ ಬರುವ ಗರಿಷ್ಠ ಮೊತ್ತ 3,12,000 ರೂಪಾಯಿ. ಜೀವನಾಂಶದ ಡಿಕ್ರಿಗಳಿಗೆ ನಿಯಮ ಬೇರೆ. ಅಲ್ಲಿ ಸಂಬಳದ ಮೂರನೇ ಎರಡು ಭಾಗದವರೆಗೆ ಜಪ್ತಿ ಸಾಧ್ಯ.

ಬೇರೊಬ್ಬರಿಂದ ಋಣಿಗೆ ಬರಬೇಕಾದ ಹಣವನ್ನೂ ಜಪ್ತಿ ಮಾಡಬಹುದು. ಬ್ಯಾಂಕ್ ಠೇವಣಿ ಇದರ ಸಾಮಾನ್ಯ ಉದಾಹರಣೆ. ಮಾಲು ಮಾರಿದ ವ್ಯಾಪಾರಿ ಋಣಿಗೆ ಖರೀದಿದಾರನಿಂದ ಹಣ ಬರಬೇಕಿದ್ದರೆ, ಆ ಖರೀದಿದಾರನಿಗೆ ನೋಟಿಸು ನೀಡಿ ಹಣವನ್ನು ನೇರವಾಗಿ ನ್ಯಾಯಾಲಯದಲ್ಲಿ ಕಟ್ಟುವಂತೆ ಆದೇಶ ಪಡೆಯಬಹುದು. ಮಾರುಕಟ್ಟೆಯ ವ್ಯವಹಾರ ಬಲ್ಲ ಡಿಕ್ರಿದಾರರಿಗೆ ಇದು ಜಮೀನು ಹರಾಜಿಗಿಂತ ಬೇಗ ಫಲ ಕೊಡುವ ಮಾರ್ಗ.

ಜಮೀನು ಮತ್ತು ಮನೆಯ ಹರಾಜು

ಸ್ಥಿರಾಸ್ತಿಯ ಜಪ್ತಿ ಎಂದರೆ ಸ್ವಾಧೀನ ಕಸಿದುಕೊಳ್ಳುವುದಲ್ಲ. ಅದನ್ನು ಪರಭಾರೆ ಮಾಡಬಾರದೆಂಬ ನಿಷೇಧಾಜ್ಞೆ. ಆಸ್ತಿಯಿರುವ ಸ್ಥಳದಲ್ಲಿ ಡಂಗುರ ಸಾರಿಸಿ, ಆಜ್ಞೆಯ ಪ್ರತಿಯನ್ನು ಆಸ್ತಿಯ ಮೇಲೆಯೂ ನ್ಯಾಯಾಲಯದ ಫಲಕದಲ್ಲಿಯೂ ಅಂಟಿಸಬೇಕು. ಕಂದಾಯದ ಜಮೀನಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಹಳ್ಳಿಯ ಜಮೀನಾದರೆ ಗ್ರಾಮ ಪಂಚಾಯಿತಿಯಲ್ಲೂ ಪ್ರಕಟಿಸಬೇಕು.

ಬಳಿಕ ಹರಾಜು ಘೋಷಣೆ ಹೊರಡುತ್ತದೆ. ಅದರಲ್ಲಿ ಆಸ್ತಿಯ ವಿವರ, ಅದರ ಮೇಲಿರುವ ಇತರ ಋಣ, ವಸೂಲಾಗಬೇಕಾದ ಮೊತ್ತ ಇರಬೇಕು. ಋಣಿಯ ಒಪ್ಪಿಗೆಯಿಲ್ಲದಿದ್ದರೆ, ಘೋಷಣೆಯ ಪ್ರತಿಯನ್ನು ನ್ಯಾಯಾಲಯದಲ್ಲಿ ಅಂಟಿಸಿದ ದಿನದಿಂದ ಸ್ಥಿರಾಸ್ತಿಗೆ 15 ದಿನ, ಚರಾಸ್ತಿಗೆ 7 ದಿನ ಕಳೆಯದೆ ಹರಾಜು ನಡೆಸುವಂತಿಲ್ಲ. ಅನುಮತಿಯಿಲ್ಲದೆ ಡಿಕ್ರಿದಾರ ಸವಾಲು ಕೂಗುವಂತಿಲ್ಲ. ಸ್ಥಿರಾಸ್ತಿಯ ಸವಾಲು ಗೆದ್ದವನು ಶೇಕಡಾ 25ರಷ್ಟನ್ನು ತಕ್ಷಣವೂ ಉಳಿದದ್ದನ್ನು 15 ದಿನದೊಳಗೂ ಕಟ್ಟಬೇಕು.

ಸಾಲಕ್ಕೆ ಸಾಲುವಷ್ಟು ಆಸ್ತಿಯನ್ನು ಮಾತ್ರ ಮಾರಬೇಕು ಎಂಬುದು ಋಣಿಯ ದೃಷ್ಟಿಯಿಂದ ಅತ್ಯಂತ ಮಹತ್ವದ ನಿಯಮ. ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಸುಮಾರು 2,400 ರೂಪಾಯಿ ಬಾಕಿಗಾಗಿ 10 ಎಕರೆ ಜಮೀನನ್ನು 17,000 ರೂಪಾಯಿಗೆ ಹರಾಜು ಹಾಕಲಾಗಿತ್ತು. 1989ರಲ್ಲಿ ಅಂಬಟಿ ನರಸಯ್ಯ ಪ್ರಕರಣದಲ್ಲಿ ಆ ಹರಾಜನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟ್, ಜಮೀನಿನ ಒಂದು ಭಾಗ ಸಾಲುವುದೇ ಎಂದು ನೋಡುವುದು ನ್ಯಾಯಾಲಯದ ಕರ್ತವ್ಯವೆಂದು ಸಾರಿತು. ನೀರಾವರಿ ಬಂದು ಎಕರೆಯ ಬೆಲೆ ಏರಿರುವ ಕಡೆಗಳಲ್ಲಿ ಈ ತೀರ್ಪು ನೆನಪಿಡತಕ್ಕದ್ದು.

ಹರಾಜಾದ ನಂತರವೂ ಬಾಗಿಲು ಮುಚ್ಚುವುದಿಲ್ಲ. ಹರಾಜು ಘೋಷಣೆಯಲ್ಲಿ ತೋರಿಸಿದ ಬಾಕಿಯ ಜೊತೆಗೆ ಸವಾಲಿನ ಮೊತ್ತದ ಶೇಕಡಾ 5ರಷ್ಟನ್ನು ಖರೀದಿದಾರನಿಗಾಗಿ 60 ದಿನದೊಳಗೆ ಠೇವಣಿ ಇಟ್ಟರೆ ಹರಾಜು ರದ್ದಾಗುತ್ತದೆ. ಘೋಷಣೆ ಅಥವಾ ಹರಾಜಿನಲ್ಲಿ ಗಂಭೀರ ಲೋಪ ಇಲ್ಲವೇ ಮೋಸ ನಡೆದು, ಅದರಿಂದ ತನಗೆ ಗಣನೀಯ ನಷ್ಟವಾಗಿದೆಯೆಂದು ತೋರಿಸಿದರೂ ರದ್ದತಿ ಸಾಧ್ಯ. ಅದಕ್ಕೂ ಗಡುವು 60 ದಿನ.

ಮುಟ್ಟಬಾರದ ವಸ್ತುಗಳು

ಸಾಲಗಾರನನ್ನು ಬೀದಿಗೆ ತಳ್ಳುವುದು ಸಂಹಿತೆಯ ಉದ್ದೇಶವಲ್ಲ. ಜಪ್ತಿಯಿಂದ ಹೊರಗಿಟ್ಟ ವಸ್ತುಗಳ ಪಟ್ಟಿಯನ್ನು 60ನೇ ಕಲಂ ನೀಡುತ್ತದೆ. ಅವುಗಳಲ್ಲಿ ಮುಖ್ಯವಾದವು ಇವು:

- ಋಣಿ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಧಾರ್ಮಿಕ ಆಚಾರದಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಲಾಗದ ಒಡವೆ.
- ಕುಶಲಕರ್ಮಿಯ ಉಪಕರಣಗಳು; ರೈತನಾದರೆ ಬೇಸಾಯದ ಸಲಕರಣೆ, ಜೀವನೋಪಾಯಕ್ಕೆ ಬೇಕಾದ ಎತ್ತುಗಳು ಹಾಗೂ ಬಿತ್ತನೆಕಾಳು.
- ರೈತ, ಕೂಲಿಕಾರ ಅಥವಾ ಮನೆಗೆಲಸದವರು ತಾವೇ ವಾಸಿಸುವ ಸ್ವಂತ ಮನೆ ಮತ್ತು ಅದರ ನಿವೇಶನ.
- ಕೂಲಿಕಾರರ ಕೂಲಿ, ಸರ್ಕಾರಿ ಪಿಂಚಣಿ, ಭವಿಷ್ಯ ನಿಧಿಯ ಕಡ್ಡಾಯ ಠೇವಣಿ, ಋಣಿಯ ಜೀವವಿಮೆಯ ಹಣ.

ರೈತನ ಮನೆಗೆ ರಕ್ಷಣೆಯಿದೆ, ಹೊಲಕ್ಕೆ ಆ ರಕ್ಷಣೆಯಿಲ್ಲ ಎಂಬುದು ಗಮನಾರ್ಹ. ಜೀವನಕ್ಕೆ ಬೇಸಾಯವನ್ನೇ ನೆಚ್ಚಿಕೊಂಡವನು ಮಾತ್ರ ಈ ಅರ್ಥದಲ್ಲಿ ರೈತ; ಪಹಣಿಯಲ್ಲಿ ಹೆಸರಿದ್ದರೆ ಸಾಲದು. ಈ ರಿಯಾಯಿತಿಗಳನ್ನು ಮುಂಚಿತವಾಗಿ ಬಿಟ್ಟುಕೊಡುವ ಕರಾರಿಗೆ ಬೆಲೆಯಿಲ್ಲ. ಹಾಗೆಯೇ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಜಪ್ತಿಗಾಗಿ ವಾಸದ ಮನೆಯನ್ನು ಪ್ರವೇಶಿಸುವಂತಿಲ್ಲ.

ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ ಸಮುದಾಯದವರು ಹೆಚ್ಚಾಗಿರುವ ಸುರಪುರ ಭಾಗಕ್ಕೆ ಇನ್ನೊಂದು ಕಾನೂನು ವಿಶೇಷವಾಗಿ ಸಂಬಂಧಿಸಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಗೆ 1978ರ ಅಧಿನಿಯಮವು ನಿರ್ಬಂಧ ಹೇರಿದೆ. ಸಿವಿಲ್ ನ್ಯಾಯಾಲಯದ ಡಿಕ್ರಿಯ ಜಾರಿಗಾಗಿ ನಡೆಯುವ ಮಾರಾಟಕ್ಕೂ ಈ ನಿರ್ಬಂಧ ಅನ್ವಯಿಸುತ್ತದೆ. ಜಪ್ತಿಗೆ ಕೋರುವ ಜಮೀನು ಮಂಜೂರಾತಿ ಜಮೀನೇ ಎಂದು ಡಿಕ್ರಿದಾರನೂ, ಹರಾಜಿನಲ್ಲಿ ಕೊಳ್ಳುವವನೂ ಮೊದಲೇ ನೋಡಿಕೊಳ್ಳದಿದ್ದರೆ ಕಟ್ಟಿದ ಹಣವೂ ವರ್ಷಗಳ ಶ್ರಮವೂ ವ್ಯರ್ಥವಾಗಬಹುದು.

ಬಂಧನ: ಯಾರಿಗೆ, ಎಷ್ಟು ದಿನ?

ಸಾಲ ತೀರಿಸದವನನ್ನು ಜೈಲಿಗೆ ಹಾಕಿಸುತ್ತೇನೆ ಎಂಬ ಬೆದರಿಕೆ ಸಾಮಾನ್ಯ. ಕಾನೂನಿನಲ್ಲಿ ಆ ಅಧಿಕಾರವಿರುವುದು ನಿಜ; ಆದರೆ ಅದರ ಸುತ್ತ ಬಿಗಿಯಾದ ಬೇಲಿಯಿದೆ. ಋಣಿಗೆ ಕಾರಣ ಕೇಳುವ ಅವಕಾಶ ಕೊಟ್ಟು, ಅವನು ಪರಾರಿಯಾಗುವ ಸಂಭವವಿದೆ, ಆಸ್ತಿಯನ್ನು ವಂಚನೆಯಿಂದ ಸಾಗಹಾಕಿದ್ದಾನೆ, ಅಥವಾ ಕೊಡುವ ಶಕ್ತಿಯಿದ್ದೂ ಕೊಡುತ್ತಿಲ್ಲ ಎಂಬಂತಹ ಕಾರಣಗಳು ಮನವರಿಕೆಯಾದರೆ ಮಾತ್ರ, ಅವುಗಳನ್ನು ಲಿಖಿತವಾಗಿ ದಾಖಲಿಸಿ ನ್ಯಾಯಾಲಯವು ಬಂದಿಖಾನೆಗೆ ಕಳುಹಿಸಬಹುದು. 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠವು, ಬಡತನದ ಕಾರಣಕ್ಕೆ ಸಾಲ ತೀರಿಸಲಾಗದವನನ್ನು ಸೆರೆಗೆ ಕಳುಹಿಸುವುದು ಸಂವಿಧಾನದ 21ನೇ ಅನುಚ್ಛೇದಕ್ಕೆ ವಿರುದ್ಧವೆಂದು ಹೇಳಿತು. ಋಣಿಗೆ ಶಕ್ತಿಯಿದೆಯೆಂದು ರುಜುವಾತುಪಡಿಸುವ ಹೊಣೆ ಡಿಕ್ರಿದಾರನದು.

ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ. 2,000 ರೂಪಾಯಿ ಮೀರದ ಡಿಕ್ರಿಗೆ ಸೆರೆವಾಸವಿಲ್ಲ; 5,000ದವರೆಗೆ ಗರಿಷ್ಠ ಆರು ವಾರ, ಅದಕ್ಕೂ ಮೇಲ್ಪಟ್ಟರೆ ಗರಿಷ್ಠ ಮೂರು ತಿಂಗಳು. ಸೆರೆಯಲ್ಲಿರುವವನ ಊಟದ ಭತ್ಯೆಯನ್ನು ಡಿಕ್ರಿದಾರನೇ ಮುಂಗಡವಾಗಿ ಕಟ್ಟಬೇಕು, ಕಟ್ಟದಿದ್ದರೆ ಬಿಡುಗಡೆ. ಬಿಡುಗಡೆಯಾದವನನ್ನು ಅದೇ ಡಿಕ್ರಿಗಾಗಿ ಮತ್ತೆ ಬಂಧಿಸುವಂತಿಲ್ಲ. ಆದರೆ ಸೆರೆವಾಸದಿಂದ ಸಾಲ ತೀರುವುದಿಲ್ಲ, ಆಸ್ತಿಯ ಮೇಲಿನ ಕ್ರಮ ಮುಂದುವರಿಯಬಹುದು.

ಋಣಿಗಿರುವ ದಾರಿಗಳು

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ. ಪ್ರತ್ಯೇಕವಾಗಿ ತಡೆಯಾಜ್ಞೆ ಪಡೆಯಬೇಕು. ಹಣದ ಡಿಕ್ರಿಯಾದರೆ ಮೊತ್ತವನ್ನು ಅಥವಾ ಅದರ ಭಾಗವನ್ನು ಠೇವಣಿ ಇಡುವಂತೆ ಇಲ್ಲವೇ ಭದ್ರತೆ ಕೊಡುವಂತೆ ನ್ಯಾಯಾಲಯ ಕೇಳುತ್ತದೆ. ಡಿಕ್ರಿಯಾದ ನಂತರ ಕಂತಿನಲ್ಲಿ ಪಾವತಿಸಲು ಅವಕಾಶ ಕೋರಬಹುದಾದರೂ ಅದಕ್ಕೆ ಡಿಕ್ರಿದಾರನ ಒಪ್ಪಿಗೆ ಬೇಕು.

ಹಳ್ಳಿಗಳಲ್ಲಿ ಪದೇ ಪದೇ ಆಗುವ ಅನಾಹುತವೊಂದಿದೆ. ಡಿಕ್ರಿಯಾದ ಮೇಲೆ ಹಿರಿಯರ ಸಮ್ಮುಖದಲ್ಲಿ ಹಣ ಕೈಗೆ ಕೊಟ್ಟು ಋಣಿ ನಿಶ್ಚಿಂತನಾಗುತ್ತಾನೆ. ಆದರೆ ನ್ಯಾಯಾಲಯದ ಹೊರಗೆ ಮಾಡಿದ ಪಾವತಿಯನ್ನು ನ್ಯಾಯಾಲಯದಲ್ಲಿ ದಾಖಲಿಸದಿದ್ದರೆ ಅಮಲ್ಜಾರಿ ನ್ಯಾಯಾಲಯ ಅದನ್ನು ಪರಿಗಣಿಸುವಂತಿಲ್ಲ. ದಾಖಲಿಸಲು ಋಣಿಗಿರುವ ಗಡುವು 30 ದಿನ ಮಾತ್ರ. ನ್ಯಾಯಾಲಯದಲ್ಲಿ ಕಟ್ಟುವುದು, ಅಂಚೆ ಮನಿಯಾರ್ಡರ್ ಅಥವಾ ಬ್ಯಾಂಕ್ ಮೂಲಕ ಸಂದಾಯ ಮಾಡುವುದು, ಕನಿಷ್ಠಪಕ್ಷ ಲಿಖಿತ ರಸೀದಿ ಪಡೆಯುವುದು ಸುರಕ್ಷಿತ ಮಾರ್ಗಗಳು. ಬಡ್ಡಿಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ವಾಣಿಜ್ಯ ವ್ಯವಹಾರವಲ್ಲದ ಸಾಲಕ್ಕೆ ಡಿಕ್ರಿಯ ನಂತರದ ಬಡ್ಡಿ ವರ್ಷಕ್ಕೆ ಶೇಕಡಾ 6ನ್ನು ಮೀರುವಂತಿಲ್ಲ. 3 ಲಕ್ಷ ರೂಪಾಯಿ ಅಸಲಿಗೆ ಇದು ವರ್ಷಕ್ಕೆ 18,000. ಐದು ವರ್ಷ ಎಳೆದಾಡಿದರೆ 90,000.

ಲೇವಾದೇವಿಗಾರನಿಗೆ 1961ರ ಅಧಿನಿಯಮದಡಿ ಪರವಾನಗಿ ಇತ್ತೇ ಎಂಬ ಪ್ರಶ್ನೆಯನ್ನು ದಾವೆಯ ಹಂತದಲ್ಲೇ ಎತ್ತಬೇಕು. ಪರವಾನಗಿಯಿಲ್ಲದೆ ಲೇವಾದೇವಿ ನಡೆಸುವವನಿಗೆ ಡಿಕ್ರಿ ಪಡೆಯುವ ಹಕ್ಕಿಲ್ಲ. ನ್ಯಾಯಾಲಯದ ದಾರಿ ಬಿಟ್ಟು ಬೆದರಿಕೆ, ಹಿಂಬಾಲಿಕೆಗಳಿಂದ ಕಿರುಸಾಲ ವಸೂಲಿ ಮಾಡುವವರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ನಂತರ ಅದನ್ನು ಅಧಿನಿಯಮವಾಗಿಸಿತು. ಅದರಡಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

ಸರ್ಕಾರವೇ ಋಣಿಯಾದಾಗ

ಕೃಷ್ಣಾ ಕಣಿವೆಯ ಜಿಲ್ಲೆಗಳಲ್ಲಿ ಭೂಸ್ವಾಧೀನದ ಹೆಚ್ಚುವರಿ ಪರಿಹಾರ ನೀಡದ ಕಾರಣಕ್ಕೆ ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ವಾಹನಗಳನ್ನು ನ್ಯಾಯಾಲಯದ ಸಿಬ್ಬಂದಿ ಜಪ್ತಿ ಮಾಡಿದ ಸುದ್ದಿ ಆಗಾಗ ಬರುತ್ತದೆ. ಅಪಘಾತ ಪರಿಹಾರ ಬಾಕಿಗಾಗಿ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ಜಪ್ತಿ ಮಾಡಿದ್ದೂ ಉಂಟು. ಸರ್ಕಾರದ ವಿರುದ್ಧದ ಡಿಕ್ರಿಯಾದರೆ 82ನೇ ಕಲಮಿನಂತೆ ಡಿಕ್ರಿಯ ದಿನದಿಂದ ಮೂರು ತಿಂಗಳು ಕಾಯಬೇಕು; ಆಗಲೂ ಹಣ ಬಾರದಿದ್ದರೆ ಅಮಲ್ಜಾರಿ ಆರಂಭಿಸಬಹುದು.

ಇತರ ವೇದಿಕೆಗಳ ಆದೇಶಗಳು

ಲೋಕ ಅದಾಲತ್‌ನಲ್ಲಿ ಆದ ರಾಜಿಯೂ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಮೇಲ್ಮನವಿಯಿಲ್ಲ. ಚೆಕ್ ಬೌನ್ಸ್ ಪ್ರಕರಣವು ಅಲ್ಲಿ ರಾಜಿಯಾಗಿ ನಂತರ ಹಣ ಬಾರದಿದ್ದರೆ ಆ ರಾಜಿಯನ್ನೇ ಡಿಕ್ರಿಯಂತೆ ಜಾರಿ ಮಾಡಿಸಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಗೋವಿಂದನ್ ಕುಟ್ಟಿ ಮೆನನ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಗ್ರಾಹಕ ಆಯೋಗದ ಆದೇಶ ಪಾಲಿಸದವರಿಗೆ 2019ರ ಅಧಿನಿಯಮದಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಹಕಾರ ಸಂಘಗಳ ಬಾಕಿಗೆ 1959ರ ಸಹಕಾರ ಸಂಘಗಳ ಅಧಿನಿಯಮದಲ್ಲಿಯೇ ಪ್ರತ್ಯೇಕ ವ್ಯವಸ್ಥೆಯಿದೆ. 20 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ಬ್ಯಾಂಕ್ ಸಾಲಗಳು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುತ್ತವೆ. ನ್ಯಾಯಾಲಯದ ಮೊರೆಹೋಗದೆ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ನೀಡುವ 2002ರ ಸರ್ಫೇಸಿ ಅಧಿನಿಯಮವು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ.

ಆರು ತಿಂಗಳೆಂಬ ಗುರಿ

ಬೆಂಗಳೂರಿನ ಆಸ್ತಿಯೊಂದರ ದೀರ್ಘ ವಿವಾದದಿಂದ ಹುಟ್ಟಿದ ರಾಹುಲ್ ಎಸ್. ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 22ರಂದು, ಅಮಲ್ಜಾರಿ ಅರ್ಜಿಗಳನ್ನು ಸಲ್ಲಿಸಿದ ಆರು ತಿಂಗಳೊಳಗೆ ವಿಲೇವಾರಿ ಮಾಡಬೇಕು, ತಡವಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು ಎಂದು ನಿರ್ದೇಶಿಸಿತು. 2025ರ ಮಾರ್ಚ್ 6ರ ಪೆರಿಯಮ್ಮಾಳ್ ಪ್ರಕರಣದ ತೀರ್ಪಿನಲ್ಲಿ ಎಲ್ಲ ಹೈಕೋರ್ಟ್‌ಗಳಿಂದ ಬಾಕಿ ಅರ್ಜಿಗಳ ಲೆಕ್ಕ ಕೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಪೀಠದ ಮುಂದೆ ಬಂದ ಅಂಕಿಅಂಶದಂತೆ ದೇಶದಲ್ಲಿ ಬಾಕಿ ಉಳಿದಿದ್ದ ಅಮಲ್ಜಾರಿ ಅರ್ಜಿಗಳು 8,82,578. ಆ ಹೊತ್ತಿಗೆ ಕರ್ನಾಟಕ ಹೈಕೋರ್ಟ್‌ನಿಂದ ಅಂಕಿಅಂಶ ಬಂದಿರಲಿಲ್ಲವಾದ್ದರಿಂದ ಈ ಸಂಖ್ಯೆಯಲ್ಲಿ ರಾಜ್ಯದ ಅರ್ಜಿಗಳು ಸೇರಿಲ್ಲ.

ಮೇಲಿನ ನ್ಯಾಯಾಲಯ ಗಡುವು ಹಾಕಬಹುದು. ಸರ್ವೆ ನಂಬರು ತಪ್ಪಾದ ಅರ್ಜಿ, ವ್ಯಾಪ್ತಿ ನೋಡದೆ ಹೂಡಿದ ಅಮಲ್ಜಾರಿ, ವಿಳಾಸವಿಲ್ಲದ ನೋಟಿಸು ಆ ಗಡುವಿನೊಳಗೆ ಮುಗಿಯಲಾರವು. ಡಿಕ್ರಿಯ ಪ್ರಮಾಣೀಕೃತ ನಕಲು, ಇಂದಿನವರೆಗಿನ ಬಡ್ಡಿಯ ಲೆಕ್ಕ, ಬಂದಿರುವ ಹಣದ ವಿವರ, ಹೊಸ ಪಹಣಿ ಮತ್ತು ಋಣಭಾರ ಪತ್ರ, ಋಣಿಯ ಉದ್ಯೋಗದ ಮಾಹಿತಿ ಇಷ್ಟನ್ನು ಸಿದ್ಧವಿಟ್ಟುಕೊಂಡು ವಕೀಲರನ್ನು ಕಾಣುವುದು ಡಿಕ್ರಿದಾರನ ಮೊದಲ ಕೆಲಸ. ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು; ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಈ ನೆರವು ಹಣ ಬರಬೇಕಾದವರಿಗೆ ಮಾತ್ರವಲ್ಲ, ಜಪ್ತಿ ನೋಟಿಸು ಕೈಯಲ್ಲಿ ಹಿಡಿದು ಬಂದವರಿಗೂ ಉಂಟು.